ಮಾವನವರ ಕೋವಿಯ ಕೊಳವೆ

ಮಾಘ ಮಾಸ, ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ವೀರಾಚಾರಿಯ ಮನೆಯ ಜಗಲಿ. ಹಾಜರಿದ್ದವರು ನನ್ನ ಮಾವನವರು, ಅತ್ತೆಯವರು, ಕಮ್ಮಾರಿಕೆಯ ವೀರಾಚಾರಿ, ಎದುರು ಮನೆಯ ನೇಕಾರ ನಾಗಪ್ಪ, ಅವನ ಹೆಂಡತಿ ಈರಮ್ಮ, ಮತ್ತು ನಾನು.

ಹೀಗೆ ದಿನ, ಗಂಟೆ, ಹಾಜರಿ ಹೇಳದೆ ನನ್ನ ಯಾವ ನೆನಪೂ ಬಾಯಿ ಬಿಡುವುದಿಲ್ಲ. ನಾನು ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ, ಗಂಟೆ ಹೊಡೆದರೆ ದೇವರನ್ನು ನೆನೆಯುವ ಶಾಲೆಯಲ್ಲಿ. ಈಗ ಮುದುಕನಾದ ಮೇಲೂ ಚಳ್ಳಕೆರೆಯ ಈ ಮನೆಯಲ್ಲಿ ಯಾರೂ ಗಂಟೆ ಹೊಡೆಯದಿದ್ದರೂ ನನ್ನೊಳಗೆ ಅದು ಹೊಡೆಯುತ್ತಲೇ ಇರುತ್ತದೆ. ಸೊಸೆ ಒಂದು ದಿನ ಗೊಣಗಿದ್ದು ನನ್ನ ಕಿವಿಗೇ ಬಿದ್ದಿತ್ತು: "ಮಾವಾರಿಗೆ ಸೀನು ಬರಬೇಕಾದ್ರೂ ಹೊತ್ತು ನೋಡ್ಕೊಂಡು ಬರ್ತೈತೆ."

ಇವತ್ತು ಬೆಳಿಗ್ಗೆ ಅದೇ ಸೊಸೆಯ ಕೈಯಿಂದ ಅಡುಗೆಮನೆಯಲ್ಲಿ ಊದುಗೊಳವೆ ಜಾರಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಠಣ್ ಎಂದಿತು. ನಾನು ಪೂಜೆಯ ಮಣೆಯಿಂದ ಎದ್ದು ನಿಂತುಬಿಟ್ಟೆ. ಅವಳು ಓಡಿ ಬಂದು, "ಏನಾಯ್ತು ಮಾವಾರೆ?" ಎಂದಳು. ಏನೂ ಇಲ್ಲ ಎಂದೆ. ಆ ಊದುಗೊಳವೆ ಒಲೆಗಾಗಿ ಹುಟ್ಟಿದ್ದಲ್ಲವೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅದರ ಒಂದು ತುದಿಯಲ್ಲಿ ಸಣ್ಣ ತಿರುಪು ಕೊರೆದಿದೆ. ಯಾವ ಊದುಗೊಳವೆಗೆ ತಿರುಪಿರುತ್ತದೆ, ನೀವೇ ಹೇಳಿ.

ಅದು ಕೋವಿಗಾಗಿ ಮಾಡಿಸಿದ ಕೊಳವೆ. ದೊಡ್ಡ ಪ್ಲೇಗು ಬಂದು ಹೋಗಿ, ಜನ ಹೊಲದ ಗುಡಿಸಲುಗಳನ್ನು ಬಿಟ್ಟು ಮನೆಗಳಿಗೆ ಮರಳಿ ನಾಲ್ಕಾರು ವರ್ಷಗಳಾಗಿದ್ದ ಕಾಲ. ನನ್ನ ಮಾವನವರು ನನ್ನಿವಾಳದ ಕಡೆ ಹೊಲ ಇದ್ದವರು. ಜೋಳ ತೆನೆ ಕಟ್ಟುವ ಹೊತ್ತಿಗೆ ಕುರುಚಲು ಕಾಡಿನಿಂದ ಹಂದಿಗಳು ಇಳಿಯುತ್ತಿದ್ದವು. ಲಿಂಗ ಕಟ್ಟಿದ ಮನೆ ನಮ್ಮದು, ಕೊಲ್ಲುವ ಮಾತೇ ಇಲ್ಲ. ಮಾವನವರಿಗೆ ಬೇಕಾಗಿದ್ದದ್ದು ಸದ್ದು ಮಾತ್ರ. ಬಳ್ಳಾರಿಯ ದಂಡಿನಿಂದ ತನ್ನ ಊರಿಗೆ ಹೊರಟಿದ್ದ ಒಬ್ಬ ದೊರೆ ಮನೆ ಸಾಮಾನು ಮಾರುವಾಗ ಇವರು ಹೋಗಿ ಒಂದು ಹೊಸ ತರಹದ ಕೋವಿ ಕೊಂಡು, ಅದಕ್ಕೆ ಲೈಸೆನ್ಸೂ ಮಾಡಿಸಿಕೊಂಡು ಬಂದರು. ನಳಿಗೆಯ ಕೆಳಗೆ ಇನ್ನೊಂದು ಕೊಳವೆ. ತೋಟಾಗಳನ್ನು ಒಂದರ ಹಿಂದೊಂದು ಅದರೊಳಗೆ ತಳ್ಳಿಟ್ಟುಕೊಳ್ಳಬೇಕು. ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಿದರೆ ಒಂದೊಂದೇ ತೋಟಾ ನಳಿಗೆಗೆ ಏರುತ್ತದೆ. ಕೊಳವೆಯಲ್ಲಿ ಐದು ಹಿಡಿಯುತ್ತವೆ ಎಂದು ದೊರೆ ಐದು ಬೆರಳು ತೋರಿಸಿ ಹೇಳಿದ್ದನಂತೆ.

ಕೋವಿ ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಹಬ್ಬಕ್ಕೆಂದು ನಾನೂ ಅಲ್ಲಿಗೆ ಹೋಗಿದ್ದೆ. ಪೂಜೆಗೆ ಇಡುವ ಕೋವಿಯಲ್ಲಿ ಒಂದೇ ಒಂದು ತೋಟಾ ಕೂಡ ಇರಬಾರದೆಂದು ಅಪ್ಪಣೆ ಮಾಡಿದವನು ನಾನೇ. ಹಿಡಿ ಎಳೆದು, ದೂಡಿ, ಮತ್ತೆ ಎಳೆದು, ಒಳಗೆ ಬೆರಳಿಟ್ಟು ನೋಡಿ, "ಪೂರ್ತಿ ಬರಿದು" ಎಂದು ಎಲ್ಲರಿಗೂ ಕೇಳುವಂತೆ ಸಾರಿದೆ. ಅತ್ತೆ ಆಗ ಕೂರಿಗೆಯ ಬಟ್ಟಲಿಗೆ ಜೋಳ ಹಾಕುತ್ತಿದ್ದರು. ಕೊಳಗಕ್ಕೆ ಜೋಳ, ಎಣ್ಣೆಯ ಗಿಂಡಿಗೆ ಎಣ್ಣೆ, ಸೇರಿಗೆ ಅಕ್ಕಿ, ಎಲ್ಲವನ್ನೂ ತುಂಬಿಸಿಯೇ ಪೂಜೆಗೆ ಇಡುವುದು ಆ ಮನೆಯ ಪದ್ಧತಿ. ತಲೆ ಎತ್ತಿ ಕೇಳಿದರು:

"ಅಳಿಯಂದ್ರೆ, ಅದರ ಹೊಟ್ಟೇಲೂ ಏನೂ ಇಲ್ವಾ?"

"ಏನೂ ಇಲ್ಲ ಅತ್ತೆ. ಗಾಳಿ ಮಾತ್ರ."

ಅವರು "ಹೂಂ" ಎಂದರು. ನಾನು ಸ್ನಾನಕ್ಕೆ ಹೋದೆ, ಅದಕ್ಕೆ ಹೊತ್ತಾಗಿತ್ತು.

ಹಬ್ಬ ಮುಗಿದ ವಾರಕ್ಕೆ ಮಾವನವರ ಗೋಳು ಶುರುವಾಯಿತು. ಕೊಳವೆಗೆ ಮೂರೇ ತೋಟಾ ಹೋಗುತ್ತಿದ್ದವು. ನಾಲ್ಕನೆಯದನ್ನು ಎಷ್ಟು ಒತ್ತಿದರೂ ಒಳಗೆ ಸೇರುತ್ತಿರಲಿಲ್ಲ. "ಆ ಬಿಳಿ ಮುಖದವನು ಐದು ಬೆರಳು ತೋರ್ಸಿ ಮೂರು ತೋಟಾದ್ದು ಕೊಟ್ಟ" ಎಂದು ಬಂದವರಿಗೆಲ್ಲ ಹೇಳಿದರು. ಮೂರಾದರೇನು, ಹೆದರಿಸಲು ಸಾಲದೇ ಎಂದರೆ, "ನಿಮಗೆ ಹಂದಿ ಬುದ್ಧಿ ಗೊತ್ತಿಲ್ಲ ಅಳಿಯಂದ್ರೆ" ಎನ್ನುತ್ತಿದ್ದರು. ಮೊದಮೊದಲು ಹಂದಿಗಳು ಮೊದಲ ಸದ್ದಿಗೇ ಓಡುತ್ತಿದ್ದವಂತೆ. ಆಮೇಲೆ ಬದುವಿನ ಆಚೆ ನಿಂತು ಕಾಯುವುದನ್ನು ಕಲಿತವಂತೆ. ಮೂರು ಸದ್ದು ಮುಗಿಯಿತೋ, ಇವರು ಮತ್ತೆ ತುಂಬಿಕೊಳ್ಳುವಷ್ಟರಲ್ಲಿ ನೆಂಟರ ಹಾಗೆ ಸಾಲಾಗಿ ಬಂದು ಊಟಕ್ಕೆ ಕೂರುತ್ತಿದ್ದವಂತೆ. "ನಾಲ್ಕನೇದು ಕೇಳಿಸ್ಬೇಕು ಅವಕ್ಕೆ. ನಾಲ್ಕನೇದು ಕೇಳಿಸಿದ ದಿನ ಅವು ಬ್ರಹ್ಮಗಿರಿ ದಾಟ್ತಾವೆ."

ತೋಟಾ ತುಂಬುವ ಬಾಯೊಳಗೆ ಇಣುಕಿದರೆ ಕೊಳವೆಯ ಕಡೆ ಕೆಂಪು ಬಟ್ಟೆಯ ಒಂದು ಚೂರು ಕಾಣುತ್ತಿತ್ತು. ನಾನು ತೋರಿಸಿದೆ. ಮಾವನವರು ನೋಡಿ, "ಅದು ಕಂಪನಿಯವ್ರೇ ಇಟ್ಟ ಮೆತ್ತೆ. ವಿಲಾಯ್ತಿ ಸಾಮಾನಲ್ವಾ, ನಾಜೂಕು" ಎಂದರು. ನನಗೂ ಸರಿಯೆನಿಸಿತು. ವಿಲಾಯತಿಯ ಬಿಸ್ಕತ್ತಿನ ಡಬ್ಬಿಯಲ್ಲೂ ಕಾಗದದ ಮೆತ್ತೆ ಇರುತ್ತಿತ್ತಲ್ಲ.

ಕೊನೆಗೆ ಅವರು ಕಂಡುಕೊಂಡ ಉಪಾಯ, ಕೊಳವೆಯನ್ನು ಮುಂದಕ್ಕೆ ಬೆಳೆಸುವುದು. ಮೂತಿಯ ಬಿರಡೆ ಬಿಚ್ಚಿ ಅಲ್ಲಿಗೆ ಇನ್ನೊಂದು ತುಂಡು ಕೊಳವೆ ತಿರುಗಿಸಿಬಿಟ್ಟರೆ ಮುಗಿಯಿತು, ಇನ್ನೂ ಎರಡು ತೋಟಾ ಹಿಡಿಯುತ್ತವೆ. ಮೊಳಕಾಲ್ಮೂರಿನ ವೀರಾಚಾರಿ ಮಗ್ಗದ ಕಬ್ಬಿಣದ ಸಾಮಾನು ಮಾಡುವವನು, ತಿರುಪು ಕೊರೆಯುವುದರಲ್ಲಿ ಪಳಗಿದ ಕೈ. ಬಿದ್ದು ಮುರಿದ ಯಾರದೋ ಬೈಸಿಕಲ್ಲಿನ ಚೌಕಟ್ಟು ಅವನ ಬಳಿ ಇತ್ತು. ಅದರಿಂದ ಒಂದು ಗೇಣಿಗೆ ಮಿಕ್ಕ ತುಂಡು ಕತ್ತರಿಸಿ, ತಿರುಪು ಕೊರೆದು, ಕೋವಿ ತನ್ನಿ ಎಂದು ಹೇಳಿಕಳಿಸಿದ್ದ.

ಅತ್ತೆಯವರಿಗೂ ಮೊಳಕಾಲ್ಮೂರಿನಲ್ಲಿ ಕೆಲಸವಿತ್ತು. ಅವರ ಕಿರಿಮಗಳು ಪಾರ್ವತಿಗೆ ಮದುವೆ ನಿಶ್ಚಯವಾಗಿತ್ತು. ಧಾರೆಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆಯೇ ಆಗಬೇಕೆಂದು ಹಠ ಹಿಡಿದು ನಾಗಪ್ಪನಿಗೆ ನೇಯಲು ಹೇಳಿದ್ದರು. ಹಠಕ್ಕೆ ಕಾರಣವಿತ್ತು. ಹಿರಿಮಗಳ, ಎಂದರೆ ನನ್ನ ಹೆಂಡತಿಯ, ಮದುವೆ ನಡೆದದ್ದು ಪ್ಲೇಗಿನ ವರ್ಷ, ಹೊಲದ ಗುಡಿಸಲಿನ ಮುಂದೆ. ಊರು ಬಾಗಿಲು ಹಾಕಿತ್ತು, ಪೇಟೆ ಮುಚ್ಚಿತ್ತು. ಅವಳು ಒಗೆದು ಮಡಿಚಿದ ಒಂದು ಹತ್ತಿ ಸೀರೆಯಲ್ಲಿ ಧಾರೆಗೆ ನಿಂತಳು. ಆ ದಿನ ಅತ್ತೆ ಅತ್ತದ್ದು ಹೊಗೆಗೆ ಎಂದು ಎಲ್ಲರೂ ತಿಳಿದೆವು.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಂಗಳವಾರ ಬೇಡವೆಂದು ಅತ್ತೆ ಹೊರಡಗೊಡಲಿಲ್ಲ. ಬುಧವಾರ ಗಾಡಿ ಕಟ್ಟಿ, ದಾರಿಯಲ್ಲಿ ತಂಗಿ, ಗುರುವಾರ ಜಟಿಂಗ ರಾಮೇಶ್ವರನ ಬೆಟ್ಟ ಕಂಡಾಗ ಗಾಡಿಯಿಂದಲೇ ಕೈ ಮುಗಿದು ಊರು ಸೇರಿದೆವು.

ಬೀದಿಯ ಉದ್ದಕ್ಕೂ ನಾಗಪ್ಪ ಹಾಸು ಹಿಡಿದಿದ್ದ. ಸೀರೆಯ ಉದ್ದದ ಎಳೆಗಳನ್ನೆಲ್ಲ ಕವೆಕೋಲುಗಳ ಮೇಲೆ ಸೊಂಟದೆತ್ತರಕ್ಕೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ಬಾಚಿ, ಎಳೆ ಎಳೆಗೆ ಅಂಟದಂತೆ ಬಿಸಿಲಿಗೆ ಒಣಗಿಸುವ ಕೆಲಸವದು. ಅರಿಶಿನ ಬಣ್ಣದ ರೇಷ್ಮೆ. ಎಳೆಬಿಸಿಲಿಗೆ ಬೀದಿಯ ನಡುವೆ ಹೊಳೆಯೊಂದು ಹರಿದಂತೆ ಕಾಣುತ್ತಿತ್ತು. ಅತ್ತೆ ಗಾಡಿ ಇಳಿದವರೇ ಅದರ ಪಕ್ಕಕ್ಕೆ ಹೋಗಿ ನಿಂತರು. ಮುಟ್ಟಲಿಲ್ಲ, ಕೈ ಕಟ್ಟಿಕೊಂಡು ನೋಡಿದರು. ಈರಮ್ಮ ಕುಂಚ ಎಳೆಯುತ್ತಾ ತನ್ನ ಮನೆಮಾತಿನ ತೆಲುಗು ಬೆರೆಸಿ, "ಚೂಡಮ್ಮ, ನೋಡಿಲ್ಲಿ, ನಿನ್ನ ಮಗಳು ಉಟ್ಕೊಂಡ್ರೆ ದೀಪ ಬೇಡ ಮಂಟಪಕ್ಕೆ" ಎಂದಳು.

ಇತ್ತ ಜಗಲಿಯ ಮೇಲೆ ವೀರಾಚಾರಿ ಕೋವಿಯನ್ನು ಎರಡು ಮರದ ತುಂಡುಗಳ ನಡುವೆ ಬಿಗಿದ. ನಾನು ಮೊದಲೇ ನಳಿಗೆ ತೆರೆದು ನೋಡಿದ್ದೆ, ತೋಟಾಗಳನ್ನೆಲ್ಲ ಗಾಡಿಯಲ್ಲೇ ಚೀಲದಲ್ಲಿ ಬಿಟ್ಟಿದ್ದೆ. ಬಿರಡೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟ, ತಟ್ಟಿದ, ಮತ್ತೆ ಎಣ್ಣೆ ಬಿಟ್ಟ. ಮಾವನವರಿಗೆ ತಾಳ್ಮೆ ಕೆಟ್ಟಿತು. ಮೂತಿಯ ಎದುರೇ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡತೊಡಗಿದರು.

"ಗೌಡ್ರೆ, ಮುಖ ಆಚೆ ಇಟ್ಕಳ್ರಿ. ಒಳಗೆ ತೋಟಾ ದೂಡೋ ಸ್ಪ್ರಿಂಗು ಐತೆ."

"ಇದ್ರೇನಾಯ್ತೋ? ತೋಟಾ ಇಲ್ಲ, ಬರಿದು. ನಮ್ಮ ಅಳಿಯಂದ್ರು ನೋಡವ್ರೆ."

"ಬರಿದಾದ್ರೂ ಇಷ್ಟು ಬಿಗಿ ಯಾಕೈತೆ ಅಂತ ನಂಗೆ ತಿಳೀವಲ್ದು."

"ತಿರುವೋ ಮಾರಾಯ, ನಾನು ನೋಡ್ತೀನಿ."

ವೀರಾಚಾರಿ ಹಲ್ಲು ಕಚ್ಚಿ ತಿರುವಿದ.

ಠಣ್!

ಏನಾಯಿತೆಂದು ನಾನು ಇಂದಿಗೂ ಸರಿಯಾಗಿ ಹೇಳಲಾರೆ. ಏನೋ ಒಂದು ಹಾವಿನಂತೆ ಮಾವನವರ ಮುಖದ ಪಕ್ಕದಿಂದ ಹಾರಿತು. ಪೇಟ ಜಗಲಿಯಿಂದ ಕೆಳಗೆ ಬಿತ್ತು. ಮಾವನವರು ಹಿಂದಕ್ಕೆ ಉರುಳಿದರು. ಅವರು ಅಂಗಾತ ಬಿದ್ದಾಗ ನಾನು ಕಂಡದ್ದು ಹಣೆ, ಕೆನ್ನೆ, ಮೀಸೆ, ಎದೆಯ ಮೇಲಿನ ಬಿಳಿ ಅಂಗಿ ಎಲ್ಲವೂ ಕಡುಗೆಂಪು.

ಓಡಿ ಹೋಗಿ ಹಿಡಿಯಬೇಕಿತ್ತು, ನೀರು ತರಬೇಕಿತ್ತು, ಕೂಗಬೇಕಿತ್ತು. ನನ್ನ ಶಾಲೆಯಲ್ಲಿ ಇದಕ್ಕೆ ಗಂಟೆ ಹೊಡೆದಿರಲಿಲ್ಲ. ಕಂಬ ಹಿಡಿದು ನಿಂತುಬಿಟ್ಟೆ. ಬರಿದು ಎಂದವನು ನಾನು. ಆ ಒಂದು ಮಾತೇ ತಲೆಯಲ್ಲಿ ಸುತ್ತುತ್ತಿತ್ತು, ಬರಿದು, ಬರಿದು, ಬರಿದು. ವೀರಾಚಾರಿಯ ಕೈಯಲ್ಲಿ ಇಕ್ಕಳ ಹಾಗೇ ಗಾಳಿಯಲ್ಲಿ ನಿಂತಿತ್ತು. "ಏಮಯ್ಯಿಂದಿ, ಏಮಯ್ಯಿಂದಿ!" ಎಂದು ಈರಮ್ಮ ಚೀರಿದಳು. ಅತ್ತೆ ಬೀದಿ ದಾಟಿ ಬಂದದ್ದನ್ನು ನಾನು ನೋಡಲೇ ಇಲ್ಲ. ನೋಡುವಷ್ಟರಲ್ಲಿ ಮಾವನವರ ತಲೆ ಅವರ ಮಡಿಲಲ್ಲಿತ್ತು.

ಮಾವನವರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು. ಸತ್ತವರ ದನಿ.

"ಅಳಿಯಂದ್ರೆ."

"ಮಾವ!"

"ಎತ್ತಿಗೆ ನೀರು ಕುಡ್ಸಿಲ್ಲ."

"ಕುಡಿಸ್ತೀನಿ ಮಾವ, ಕುಡಿಸ್ತೀನಿ."

"ಪಾರ್ವತಿ ಮದ್ವೆ ನಿಲ್ಲಿಸ್ಬೇಡ್ರಿ. ನಂಗೆ ಏನೂ ನೋವಿಲ್ಲ. ಶಿವನ ಪಾದ ಹತ್ರ ಬಂದಾಗ ನೋವಿರಲ್ಲ ಅಂತ ನಮ್ಮಜ್ಜ ಹೇಳೋರು."

ಅತ್ತೆ ಸೆರಗಿನಿಂದ ಅವರ ಹಣೆ ಒರೆಸಿದರು. ಸೆರಗು ಕೆಂಪಾಯಿತು. ಹಣೆ ಮಾತ್ರ ಹಾಗೇ ಇತ್ತು, ಒಂದು ಗೀರೂ ಇರಲಿಲ್ಲ. ಅವರು ಸೆರಗನ್ನು ಮೂಗಿನ ಹತ್ತಿರ ಹಿಡಿದರು. ನಂತರ ಗಂಡನ ಮೀಸೆಯಿಂದ ಏನನ್ನೋ ಚಿಮುಟಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಅಕ್ಕಿಕಾಳು. ಅವರ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ಗಂಡ ಸತ್ತನೆಂದುಕೊಂಡಾಗಲೂ ಅವರ ಮುಖ ಹಾಗಾಗಿರಲಿಲ್ಲ.

"ಏಳ್ರಿ," ಎಂದರು ಮೆಲ್ಲಗೆ. "ಕುಂಕುಮ ಇದು."

ಮಾವನವರು ಒಂದು ಕಣ್ಣು ತೆರೆದರು.

ವೀರಾಚಾರಿ ಕೋವಿಯನ್ನು ಬಿಚ್ಚಿ ಮೂತಿ ಕೆಳಗೆ ಮಾಡಿ ಅಂಗೈಯಿಂದ ತಟ್ಟಿದ. ಕೊಳವೆಯೊಳಗಿಂದ ಒಂದು ಗಂಟು ಜಾರಿ ಬಿತ್ತು. ಕೆಂಪು ಕಣದ ಹೊಸ ಬಟ್ಟೆ, ತೋಟಾದಷ್ಟೇ ದಪ್ಪಕ್ಕೆ ಸುರುಳಿ ಸುತ್ತಿ ನೂಲಿನಿಂದ ಬಿಗಿದದ್ದು. ಉದ್ದ ಎರಡು ತೋಟಾದಷ್ಟು. ಒಂದು ಕಡೆ ಒಡೆದಿತ್ತು. ಒಳಗೆ ಅಕ್ಷತೆ, ಕುಂಕುಮ. ಒಡೆದ ಕಡೆಯಿಂದ ತಿಂಗಳುಗಟ್ಟಲೆ ಸೋರಿದ ಕುಂಕುಮ ಸ್ಪ್ರಿಂಗಿನ ಸುತ್ತಿಗೆಲ್ಲ ತುಂಬಿಕೊಂಡಿತ್ತು.

ಅತ್ತೆ ನೆಲ ನೋಡುತ್ತಾ ಹೇಳಿದರು:

"ಪೂಜೆಗೆ ಬರಿದು ಇಡಬಾರ್ದಲ್ಲ. ಕೊಳಗ, ಕೂರಿಗೆ ಎಲ್ಲಾ ತುಂಬ್ಸಿದ್ದೆ. ಇದೊಂದು ಬರೀ ಹೊಟ್ಟೇಲಿ ಕೂತಿತ್ತು. ನೀವು ತೋಟಾ ತಳ್ಳೋದು ನೋಡಿದ್ನಲ್ಲ, ಹಂಗೇ ತಳ್ಳಿದೆ. ತೆಗೆಯಾಕೆ ಹೋದ್ರೆ ಬರ್ಲಿಲ್ಲ. ಇರ್ಲಿ, ದೇವ್ರದ್ದು ಒಳಗಿದ್ರೆ ಒಳ್ಳೇದೇ ಅಂದ್ಕೊಂಡೆ."

ಮಾವನವರು ಎದ್ದು ಕೂತಿದ್ದರು. ಕೆಂಪು ಮುಖದಲ್ಲಿ ಕಣ್ಣು ಎರಡೇ ಬೆಳ್ಳಗೆ. "ಮೂರು," ಎಂದರು. ಬಾಯಿ ತೆರೆದೇ ಇತ್ತು. "ಮೂರೂ ಎರಡೂ ಐದು." ಸದ್ಯ, ದೊರೆಯ ಬೆರಳು ಸುಳ್ಳು ಹೇಳಿರಲಿಲ್ಲ.

ವೀರಾಚಾರಿಗೆ ನಗು ಬಂದು, ಅದನ್ನು ತಡೆಯಲು ಕೆಮ್ಮಿದ. ನಾನೂ ನಗುತ್ತಿದ್ದೆನೇನೋ. ಅಷ್ಟರಲ್ಲಿ ಬೀದಿಯಿಂದ ನಾಗಪ್ಪನ ದನಿ ಕೇಳಿತು. ಅವನು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

"ಅಮ್ಮಾರೆ, ಇಲ್ಲಿ ಬರ್ರಿ."

ಹಾರಿದ ಸ್ಪ್ರಿಂಗು ಹೋಗಿ ಬಿದ್ದದ್ದು ಹಾಸಿನ ನಡುವೆ. ಬಿದ್ದ ರಭಸಕ್ಕೆ ಎಳೆಗಳ ಸಂದಿನಲ್ಲಿ ಹೊರಳಿ, ಸುತ್ತು ಸುತ್ತಿಗೂ ರೇಷ್ಮೆ ಸಿಕ್ಕಿಸಿಕೊಂಡು ಜೋತಾಡುತ್ತಿತ್ತು. ಸುತ್ತ ಅರಿಶಿನ ಬಣ್ಣದ ಎಳೆಗಳ ಮೇಲೆ ಕುಂಕುಮ ಚೆಲ್ಲಿತ್ತು. ಗಂಜಿ ಇನ್ನೂ ಹಸಿಯಿತ್ತು.

ಮುಖಕ್ಕೆ ಕುಂಕುಮ ಹಾರಿದ್ದಕ್ಕಿಂತ ಇದು ದೊಡ್ಡ ಪೆಟ್ಟು. ಅತ್ತೆಯ ಕೈ ಬಾಯಿಯ ಮೇಲೆ ಹೋಯಿತು. ಮಾವನವರು ಅವಸರದಿಂದ ಇಳಿದು ಬಂದು ಸ್ಪ್ರಿಂಗಿಗೆ ಕೈ ಹಾಕಿದರು. "ಆಗಂಡಿ!" ಎಂದು ನಾಗಪ್ಪ ತಡೆದ. "ಎಳೆದ್ರೆ ಒಂದಲ್ಲ, ನೂರು ಎಳೆ ಕಡೀತಾವೆ. ಬೇರೆ ಹಾಸು ಹಿಡಿಯಾಕೆ ರೇಷ್ಮೆ ಇಲ್ಲ ಗೌಡ್ರೆ. ಬಳ್ಳಾರಿಯಿಂದ ಬಂದು, ಬಣ್ಣ ಹಾಕಿ, ಮತ್ತೆ ಹಾಸು ಮಾಡೋ ಹೊತ್ತಿಗೆ ನಿಮ್ಮ ಮುಹೂರ್ತ ಮುಗಿದಿರ್ತೈತೆ."

"ಕಾದು ನಿಧಾನಕ್ಕೆ ಬಿಡಿಸಿದರೆ?" ಎಂದೆ ನಾನು. ಯಾವುದಕ್ಕೂ ಒಂದು ಕ್ರಮವಿರುತ್ತದೆ ಎಂದು ನಂಬಿದವನು.

"ಬಿಸಿಲು ಕಾಯಲ್ಲ ಸ್ವಾಮಿ. ಗಂಜಿ ಒಣಗಿದ್ರೆ ಇಷ್ಟೂ ಎಳೆ ಅಂಟಿ ಹಗ್ಗ ಆಗ್ತಾವೆ." ಅವನು ಅತ್ತೆಯ ಕಡೆ ತಿರುಗಿದ. "ನೀರು ಚಿಮುಕಿಸ್ತಾ ಇದ್ರೆ ಒಣಗಲ್ಲ. ಆದ್ರೆ ನೀರು ಬಿದ್ದಷ್ಟೂ ಕುಂಕುಮ ಹಬ್ತೈತೆ, ಕಲೆ ಹೋಗಲ್ಲ. ಏನ್ ಮಾಡ್ಲಿ, ನೀವೇ ಹೇಳ್ರಿ."

ಅತ್ತೆ ತಡಮಾಡಲಿಲ್ಲ. "ಎಳೆ ಉಳೀಲಿ. ನೀರು ಹಾಕು."

ಈರಮ್ಮ ಕುಂಚ ಅದ್ದಿ ಚಿಮುಕಿಸಿದಳು. ಕೆಂಪು ಎಳೆಯಿಂದ ಎಳೆಗೆ ಹಬ್ಬಿದ್ದನ್ನು ನಾವೆಲ್ಲ ನಿಂತು ನೋಡಿದೆವು. ಅತ್ತೆ ಹಾಸಿನ ಕೆಳಗೆ ನೆಲಕ್ಕೆ ಕೂತು ಸ್ಪ್ರಿಂಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದರು. ಎಳೆಯಲಿಲ್ಲ. ತಿರುಗಿಸಿದರು. ಹುಡುಗಿಯರ ತಲೆಗೆ ಮುಳ್ಳು ಸಿಕ್ಕಿದರೆ ತಾಯಂದಿರು ಬಿಡಿಸುವ ಹಾಗೆ, ಕಂಡೂ ಕಾಣದಷ್ಟು ತಿರುವು. ಒಂದು ಸುತ್ತು ಹೊರಬಂದರೆ ಅದರಲ್ಲಿದ್ದ ಎಳೆಗಳನ್ನು ನಾಗಪ್ಪ ಬೆರಳಲ್ಲಿ ಎತ್ತಿ ಬದಿಗೆ ಸರಿಸುತ್ತಿದ್ದ. ಮತ್ತೊಂದು ತಿರುವು, ಮತ್ತೊಂದು ಸುತ್ತು. ಮಾವನವರು ಹೆಗಲ ಮೇಲಿನ ವಲ್ಲಿ ಬಿಡಿಸಿ ಎರಡು ಕೈಯಲ್ಲಿ ಹಿಡಿದು ಹಾಸಿನ ಮೇಲೆ ನೆರಳು ಮಾಡಿ ನಿಂತರು. ಮುಖ ತೊಳೆದಿರಲಿಲ್ಲ. ದಾರಿಹೋಕರು ಅವರನ್ನು ನೋಡಿ ಕೈ ಮುಗಿದು ಹೋಗುತ್ತಿದ್ದರು, ಮೈಮೇಲೆ ದೇವರು ಬಂದಿದೆಯೆಂದು. ನಾನು ಈರಮ್ಮನಿಗೆ ನೀರು ತುಂಬಿಕೊಟ್ಟೆ. ಊಟದ ಗಂಟೆ ನನ್ನೊಳಗೆ ಹೊಡೆದದ್ದೇ ಗೊತ್ತಾಗಲಿಲ್ಲ. ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಕೊನೆಯ ಸುತ್ತು ಬಿಟ್ಟಾಗ ನಾಗಪ್ಪ ಎಳೆಗಳ ಮೇಲೆ ಅಂಗೈ ಆಡಿಸಿ, ತಲೆ ಬಾಗಿಸಿ ಬೆಳಕಿಗೆ ನೋಡಿ, "ಕಡಿದಿರೋವು ನಾಲ್ಕೈದೇ. ಗಂಟು ಹಾಕ್ತೀನಿ" ಎಂದ. ಅತ್ತೆ ಸ್ಪ್ರಿಂಗನ್ನು ನೆಲಕ್ಕಿಟ್ಟು ಬೆರಳು ಮಡಿಸಲಾರದೆ ಹಾಗೇ ಚಾಚಿಕೊಂಡು ಕೂತರು.

"ಆದ್ರೆ ಪಾರ್ವತಿ ಸೀರೆಗೆ ಕಲೆ ಆಯ್ತಲ್ಲ," ಎಂದರು ಮಾವನವರು.

ನಾಗಪ್ಪ ಹಾಸಿನ ಒಂದು ತುದಿಯಿಂದ ಮೊಳ ಹಾಕುತ್ತಾ ನಡೆದುಬಂದ. ಕಲೆಯ ಹತ್ತಿರ ನಿಂತ. "ಇಲ್ಲ ಗೌಡ್ರೆ. ಪಾರ್ವತಮ್ಮನ ಸೀರೆ ಇಲ್ಲೇ ಹಿಂದಕ್ಕೆ ಮುಗೀತು. ಕಲೆ ಬಿದ್ದಿರೋದು ಇದೇ ಹಾಸಿನ ಎರಡನೇ ಸೀರೆಗೆ."

"ಯಾವ ಎರಡನೇದು?"

ನಾಗಪ್ಪ ಅತ್ತೆಯ ಮುಖ ನೋಡಿದ.

"ಎರಡು ಸೀರೆ ಯಾರು ಹೇಳಿದ್ದೇ?" ಎಂದರು ಮಾವನವರು ಹೆಂಡತಿಗೆ. "ನನ್ನ ಹತ್ರ ಒಂದು ಮಾತು ಆಡ್ಲಿಲ್ಲ?"

"ನೀವು ಬಂದೂಕಿಗೆ ಬಾಲ ಕಟ್ಟಿಸ್ತೀನಿ ಅಂತ ನನ್ನ ಹತ್ರ ಆಡಿದ್ರಾ?" ಎಂದರು ಅತ್ತೆ. ಆಮೇಲೆ ದನಿ ತಗ್ಗಿತು. ನನ್ನ ಕಡೆ ನೋಡದೆ, ಹಾಸಿನ ಕಡೆ ನೋಡಿಯೇ ಹೇಳಿದರು: "ಹಿರಿಯಾಕಿಗೆ. ಗುಡಿಸ್ಲ ಮುಂದೆ, ಹತ್ತಿ ಸೀರೇಲಿ ಕಳಿಸಿದ್ವಲ್ಲ ಅವಳನ್ನ. ತಂಗಿ ಮದ್ವೇಲಿ ಅವಳೂ ಒಂದು ಉಟ್ಕಂಡು ನಿಲ್ಲಲಿ ಅಂತ. ನೋಡ್ರಿ, ಅವಳದ್ದಕ್ಕೇ ಬಿತ್ತು."

ನನಗೆ ಆ ದಿನ ಆದ ದಿಗ್ಭ್ರಮೆಗಳಲ್ಲಿ ಇದೇ ಕೊನೆಯದು, ಇದೇ ದೊಡ್ಡದು. ಅಷ್ಟು ವರ್ಷ ಒಂದೇ ಮನೆಯಲ್ಲಿ ನನ್ನ ಹೆಂಡತಿಯೊಡನೆ ಬಾಳಿ, ಅವಳ ಧಾರೆಯ ಸೀರೆ ಹತ್ತಿಯದೆಂದು ನಾನು ಒಂದು ಸಲವೂ ನೆನೆದಿರಲಿಲ್ಲ. ಮಾವನವರು ವಲ್ಲಿಯಿಂದ ಮುಖ ಒರೆಸಿಕೊಂಡರು. ಒರೆಸಿದ್ದು ಕುಂಕುಮವನ್ನೇ ಇರಬೇಕು.

"ಕಲೆ ಇರೋ ಕಡೆಯಿಂದ್ಲೇ ಸೀರೆ ಶುರು ಮಾಡ್ತೀನಮ್ಮ," ಎಂದ ನಾಗಪ್ಪ. "ಸೊಂಟಕ್ಕೆ ಸಿಕ್ಕಿಸೋ ಒಳ ತುದಿಗೆ ಹೋಗ್ತೈತೆ. ಉಟ್ಟವ್ರಿಗೆ ಬಿಟ್ರೆ ಯಾರಿಗೂ ಕಾಣಲ್ಲ."

"ಅವಳಿಗೆ ಕಂಡ್ರೆ ಸಾಕು," ಎಂದರು ಅತ್ತೆ.

ಇಳಿಹೊತ್ತಿಗೆ ಹಾಸು ಒಣಗಿತು. ವೀರಾಚಾರಿ ಸ್ಪ್ರಿಂಗನ್ನು ತೊಳೆದು, ಒರೆಸಿ, ಹಳೆಯ ಕೊಳವೆಗೇ ಹಾಕಿ, ಹಳೆಯ ಬಿರಡೆಯನ್ನೇ ತಿರುಗಿಸಿದ. ಮಾವನವರು ಗಾಡಿಯಿಂದ ತೋಟಾ ತರಿಸಿ ಒಂದೊಂದಾಗಿ ತಳ್ಳಿ, ಐದನೆಯದೂ ಒಳಗೆ ಹೋದದ್ದನ್ನು ನೋಡಿ, ಐದನ್ನೂ ಹೊರತೆಗೆದು ಚೀಲಕ್ಕೆ ಹಾಕಿದರು. ಬೈಸಿಕಲ್ಲಿನ ಕೊಳವೆಯನ್ನು ಯಾರೂ ಕೇಳಲಿಲ್ಲ. ಅದು ಅತ್ತೆಯ ಬುತ್ತಿಯ ಗಂಟಿನೊಳಗೆ ಸೇರಿ, ನನ್ನ ಹೆಂಡತಿಯ ಒಲೆಗೆ ಊದುಗೊಳವೆ ಹೇಗಾಯಿತೋ ನನಗೆ ಗೊತ್ತಿಲ್ಲ.

ಒಂದು ಕೆಲಸ ಉಳಿದಿತ್ತು. ಹಾಸನ್ನು ಮರದ ದಿಂಡಿಗೆ ಸುತ್ತುವ ಮೊದಲು ದಿಂಡಿಗೆ ಕುಂಕುಮ ಇಡಬೇಕು. ಈರಮ್ಮ ಭರಣಿ ತರಲು ಒಳಗೆ ಹೊರಟಿದ್ದಳು. "ತಡಿ," ಎಂದರು ಅತ್ತೆ. ಜಗಲಿಯ ಮೇಲಿದ್ದ ಬಟ್ಟೆಯ ಗಂಟನ್ನು ತಂದು ಬಿಚ್ಚಿದರು. ಒಳಗೆ ಇನ್ನೂ ಒಂದು ಚಿಟಿಕೆ ಉಳಿದಿತ್ತು. ಈರಮ್ಮ ಅದನ್ನೇ ತೆಗೆದುಕೊಂಡು ದಿಂಡಿನ ಎರಡು ಕಡೆಗೂ ಇಟ್ಟಳು. ನಾಗಪ್ಪ ಸುತ್ತಿದ, ಮಾವನವರು ಆ ತುದಿ ಹಿಡಿದರು, ನಾನು ಕವೆಕೋಲುಗಳನ್ನು ಒಂದೊಂದಾಗಿ ಕಿತ್ತು ಗೋಡೆಗೆ ಒರಗಿಸಿದೆ. ದಿಂಡು ಒಳಗೆ ಹೋಯಿತು. ನಾನು ಹೋಗಿ ಎತ್ತುಗಳಿಗೆ ನೀರು ಕುಡಿಸಿದೆ.